ಕೀಲಿಯ ಟೊಪ್ಪಿಗೆ ಮತ್ತು ಕನ್ನಡದ ಅಕ್ಷರ

ಈಚೆಗೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕೋಣೆಗೆ ಹೋಗಿದ್ದೆ. ಕುಷ್ಟಗಿ ತಾಲೂಕಿನ ಹುಡುಗ; ಕೊಪ್ಪಳದಲ್ಲಿ ಬಾಡಿಗೆಯ ಕೋಣೆ ಹಿಡಿದು ಗಣಕದ ಕೆಲಸದಿಂದ ಜೀವನ ಸಾಗಿಸುತ್ತಿದ್ದಾನೆ. ಅವನ ಕೀಲಿಮಣೆ ಮೇಜಿನ ಮೇಲೆ ಬಿಚ್ಚಿ ಹರಡಿಕೊಂಡಿತ್ತು. ಒಂದು ಬಟ್ಟಲಲ್ಲಿ ಪ್ಲಾಸ್ಟಿಕ್ಕಿನ ಗುಂಡಿಗಳು, ಇನ್ನೊಂದರಲ್ಲಿ ಪುಟ್ಟ ಸ್ವಿಚ್ಚುಗಳು. ಪಕ್ಕದಲ್ಲಿ ಕತ್ತರಿಸಿದ ಫೋಮಿನ ಹಾಳೆ, ಗ್ರೀಸಿನ ಡಬ್ಬಿ, ಒಂದು ಸಣ್ಣ ಕುಂಚ. ಕೈಗಡಿಯಾರ ರಿಪೇರಿ ಮಾಡುವವನ ಏಕಾಗ್ರತೆಯಿಂದ ಆತ ಒಂದೊಂದೇ ಸ್ವಿಚ್ಚಿಗೆ ಗ್ರೀಸು ಸವರುತ್ತಿದ್ದ.

"ರಾತ್ರಿ ಭಾಳ ಸಪ್ಪಳ ಆಗ್ತಿತ್ರೀ ಸರ್. ಬಾಜೂ ಖೋಲ್ಯಾಗಿನವ್ರಿಗೆ ನಿದ್ದಿ ಬರ್ತಿದ್ದಿಲ್ಲ" ಎಂದ.

ಹೊಸದಾಗಿ ತರಿಸಿದ ಗುಂಡಿಗಳನ್ನು ಕೈಗೆತ್ತಿಕೊಂಡು ನೋಡಿದೆ. ಅಂದವಾಗಿದ್ದವು. ಪ್ರತಿಯೊಂದರ ಮೇಲೂ ಇಂಗ್ಲಿಷಿನ ಅಕ್ಷರ, ಅದರ ಕೆಳಗೆ ಇನ್ನಾವುದೋ ಲಿಪಿಯ ಚಿಕ್ಕ ಅಕ್ಷರ. ಇದೇನೆಂದು ಕೇಳಿದೆ.

"ಜಪಾನಿ ಅಕ್ಷರ ರೀ. ನನಗೂ ಓದಾಕ ಬರಂಗಿಲ್ಲ. ಚಂದ ಕಾಣ್ತಾವಂತ ತರಿಸೀನಿ. ಕನ್ನಡದ್ದು ಹುಡುಕಿದ್ನಿ ಸರ್, ನನಗ ಸಿಗಲಿಲ್ಲ."

ಕವಿರಾಜಮಾರ್ಗಕಾರನು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣವೂ ಒಂದೆಂದು ನಾನು ತರಗತಿಯಲ್ಲಿ ಹೇಳುತ್ತ ಬಂದವನು. ಆ ಕೊಪಣವೇ ಇಂದಿನ ಕೊಪ್ಪಳ. ಅದೇ ಊರಿನ ಒಂದು ಕೋಣೆಯಲ್ಲಿ, ನನ್ನ ವಿದ್ಯಾರ್ಥಿಯ ಬೆರಳಡಿಯಲ್ಲಿ, ಅವನೂ ಓದಲಾರದ ಲಿಪಿ ಕುಳಿತಿದೆ. ಕನ್ನಡಕ್ಕೆ ಅಲ್ಲಿ ಎಡೆಯಿಲ್ಲ. ಹುಡುಗನನ್ನು ನಾನು ಆಕ್ಷೇಪಿಸಲಾರೆ. ಆತ ಹುಡುಕಿದ್ದಾನೆ. ಸಿಗದೆ ಹೋದದ್ದು ಏಕೆಂಬುದನ್ನು ನಾವು ವಿಚಾರಿಸಬೇಕು.

ಮೊದಲು ಈ ಹವ್ಯಾಸದ ಸ್ವರೂಪವನ್ನು ತಿಳಿಯೋಣ. ಅಗ್ಗದ ಕೀಲಿಮಣೆಯಲ್ಲಿ ಎಲ್ಲ ಗುಂಡಿಗಳ ಅಡಿಯಲ್ಲಿಯೂ ಹಾಸಿದ ಒಂದೇ ರಬ್ಬರಿನ ಹಾಳೆ ಇರುತ್ತದೆ. ಯಾಂತ್ರಿಕ ಕೀಲಿಮಣೆಯಲ್ಲಿ ಹಾಗಲ್ಲ. ಪ್ರತಿ ಕೀಲಿಗೂ ಅದರದೇ ಆದ ಸ್ವಿಚ್ಚು, ಅದರೊಳಗೆ ಅದರದೇ ಆದ ಸ್ಪ್ರಿಂಗು. ಜರ್ಮನಿಯ ಚೆರ್ರಿ ಕಂಪನಿ ರೂಪಿಸಿದ ಇಂಥ ಸ್ವಿಚ್ಚಿನ ಏಕಸ್ವಾಮ್ಯದ ಹಕ್ಕು ೨೦೧೪ರ ಹೊತ್ತಿಗೆ ಮುಗಿಯಿತು. ಬಳಿಕ ಚೀನದ ಕಾರಖಾನೆಗಳು ಅದೇ ಮಾದರಿಯವನ್ನು ಹೇರಳವಾಗಿ ತಯಾರಿಸತೊಡಗಿದವು, ಬೆಲೆ ಇಳಿಯಿತು. ಸ್ವಿಚ್ಚಿನ ತಲೆಯ ಮೇಲೆ ಕೂಡಿಸುವ ಚಿಹ್ನೆಯ ಆಕಾರದ ಒಂದು ಮೊಳೆಯಿರುತ್ತದೆ. ಅದರ ಮೇಲೆ ಕೂಡುವ ಪ್ಲಾಸ್ಟಿಕ್ಕಿನ ಟೊಪ್ಪಿಗೆಯನ್ನು ಯಾರು ಬೇಕಾದರೂ ಕಿತ್ತು ಬೇರೆಯದನ್ನು ತೊಡಿಸಬಹುದು. ಹುಡುಗರು ಇದನ್ನು 'ಕೀಕ್ಯಾಪ್' ಎನ್ನುತ್ತಾರೆ.

ಸಪ್ಪಳವನ್ನು ಅಡಗಿಸುವ ವಿದ್ಯೆಯೂ ಸ್ವಾರಸ್ಯವಾದದ್ದೇ. ಸಪ್ಪಳವು ಒಂದೇ ಕಡೆಯಿಂದ ಹುಟ್ಟುವುದಿಲ್ಲ. ಸ್ಪ್ರಿಂಗು ಝಣಗುಟ್ಟುತ್ತದೆ, ಅದಕ್ಕೆ ಗ್ರೀಸು. ಟೊಪ್ಪಿಗೆ ಕೆಳಗೆ ಬಡಿಯುತ್ತದೆ. ಅದಕ್ಕೆ ರಬ್ಬರಿನ ಉಂಗುರ. ಪದಗಳ ನಡುವೆ ತೆರಪು ಬಿಡುವ ಉದ್ದನೆಯ ಕೀಲಿಯನ್ನು ಸಮತೂಕದಲ್ಲಿ ಹಿಡಿಯುವ ತಂತಿ ಗಲಗಲ ಅಲುಗುತ್ತದೆ, ಅದಕ್ಕೂ ಗ್ರೀಸು. ಎಲ್ಲಕ್ಕೂ ಮಿಗಿಲಾಗಿ, ಪೊಳ್ಳಾದ ಪೆಟ್ಟಿಗೆಯೇ ಹಲಗೆಯಂತೆ ಮಾರ್ದನಿಗೊಡುತ್ತದೆ. ಅದರ ಹೊಟ್ಟೆಗೆ ಫೋಮು ತುಂಬಬೇಕು. ನ್ಯಾಯಾಲಯದ ಆವರಣದಲ್ಲಿ ಬೆರಳಚ್ಚು ಮಾಡುತ್ತಿದ್ದವರು ಯಂತ್ರದ ಕೆಳಗೆ ಉಣ್ಣೆಯ ದಪ್ಪ ಪಟ್ಟಿ ಹಾಸುತ್ತಿದ್ದುದು ಇದೇ ಕಾರಣಕ್ಕೆ. ಹೆಸರು ಹೊಸದು, ಉಪಾಯ ಹಳೆಯದು.

ಹೀಗೆ ಒಂದು ಯಂತ್ರವನ್ನು ತನ್ನ ಕೈಗೆ, ಕಿವಿಗೆ, ಕಣ್ಣಿಗೆ ಹೊಂದಿಸಿಕೊಳ್ಳುವುದು ಮೆಚ್ಚತಕ್ಕ ಗುಣವೇ. ಆದರೆ ಕೈಗೂ ಕಿವಿಗೂ ಹೊಂದಿದ ಯಂತ್ರವು ನಾಲಗೆಗೆ ಮಾತ್ರ ಹೊಂದದೆ ಉಳಿದಿದೆ.

ಈ ಮಾತಿಗೆ ನಮ್ಮ ಸೀಮೆಯಲ್ಲಿ ಹೆಚ್ಚಿನ ತೂಕವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮರ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಆಡುವ ಮಾತು ಕನ್ನಡ, ಅರ್ಜಿಯ ಮಾತು ಬೇರೆ ಎಂಬ ಸ್ಥಿತಿಯಿಂದ ನಾವು ಬಿಡುಗಡೆ ಹೊಂದಿದ್ದು ೧೯೪೮ರ ಸೆಪ್ಟೆಂಬರಿನಲ್ಲಿ. ಏಕೀಕೃತ ರಾಜ್ಯದೊಳಗೆ ಬಂದದ್ದು ೧೯೫೬ರ ನವೆಂಬರಿನಲ್ಲಿ. ಕನ್ನಡವು ಕಚೇರಿಯ ಮೇಜಿಗೆ ಏರಬೇಕಾದರೆ ಕಾಯಿದೆಯೊಂದೇ ಸಾಲದು, ಯಂತ್ರವೂ ಬೇಕಾಗಿತ್ತು. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ ಆ ಕೊರತೆಯನ್ನು ನೀಗಿತು. ಮೂಲಾಕ್ಷರ, ಕೊಂಬು, ದೀರ್ಘ, ಒತ್ತಕ್ಷರಗಳಿಂದ ಬೆಳೆಯುವ ನಮ್ಮ ಲಿಪಿಯನ್ನು ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರದ ಕೆಲವೇ ಕೀಲಿಗಳಿಗೆ ಇಳಿಸಿದ ಆ ಸಾಧನೆ ಸಾಮಾನ್ಯವಾದದ್ದಲ್ಲ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬೆರಳಚ್ಚು ಯಂತ್ರದಲ್ಲಿ ಕೀಲಿಯೂ ಅಕ್ಷರವೂ ಬೇರೆ ಬೇರೆಯಾಗಲಾರವು. ಕನ್ನಡ ಯಂತ್ರವೆಂದರೆ ಅದರ ಗುಂಡಿಗಳ ಮೇಲೆ ಕನ್ನಡ ಇದ್ದೇ ಇರುತ್ತಿತ್ತು. ಗಣಕದಲ್ಲಿ ಆ ಬಂಧ ಕಳಚಿತು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬುದನ್ನು ಒಳಗಿನ ತಂತ್ರಾಂಶ ನಿರ್ಧರಿಸುತ್ತದೆ. ಇದರಿಂದ ಕನ್ನಡಕ್ಕೆ ದೊಡ್ಡ ಲಾಭವಾಯಿತು. ಕಿನ್ನಿಕಂಬಳ ಪದ್ಮನಾಭ ರಾಯರು ಉಚ್ಚಾರಣೆಯ ಆಧಾರದ ಮೇಲೆ ಇಂಗ್ಲಿಷಿನ ೨೬ ಕೀಲಿಗಳಲ್ಲಿಯೇ ಇಡೀ ಕನ್ನಡವನ್ನು ಅಡಕಮಾಡಿ ತೋರಿಸಿದರು. ಅವರ ವಿನ್ಯಾಸವನ್ನು ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಅದನ್ನು ಊರೂರಿಗೆ ಒಯ್ದಿತು. ಆದರೆ ನಷ್ಟವೂ ಆಯಿತು. ಯಂತ್ರದ ಒಳಗೆ ಸ್ಥಾನ ಪಡೆದ ಕನ್ನಡ ಅದರ ಮುಖದ ಮೇಲಿನ ಸ್ಥಾನವನ್ನು ಕಳೆದುಕೊಂಡಿತು. ರೂಪಾಯಿಯ ಹೊಸ ಚಿಹ್ನೆಗೆ ಒಪ್ಪಿಗೆ ದೊರೆತದ್ದು ೨೦೧೦ರಲ್ಲಿ. ಕೆಲಕಾಲದಲ್ಲಿಯೇ ಅದು ನಮ್ಮ ಅಂಗಡಿಗಳ ಕೀಲಿಮಣೆಗಳ ಮೇಲೆ ಮೂಡಿತು. ಶತಮಾನಗಳಿಂದ ಬಂಡೆಯ ಮೇಲೆ ನಿಂತ ಲಿಪಿಗೆ ಆ ಭಾಗ್ಯ ಒದಗಲಿಲ್ಲ.

ನುರಿತವರು ಕೀಲಿಯನ್ನು ನೋಡುವುದೇ ಇಲ್ಲ, ಅಕ್ಷರವಿದ್ದರೇನು ಬಿಟ್ಟರೇನು ಎಂದು ಕೇಳಬಹುದು. ನಮ್ಮ ಹುಡುಗನೂ ಹಾಗೆಯೇ ಅಂದ. 'ಟ' ಎಲ್ಲಿದೆಯೆಂದು ನಾನು ಕೇಳಿದಾಗ ಅವನ ಬೆರಳು ನೋಟದ ನೆರವಿಲ್ಲದೆ ಮೇಲಿನ ಸಾಲಿನ ಮೊದಲ ಅಕ್ಷರದ ಕೀಲಿಗೆ ಹೋಯಿತು. ಆದರೆ ಅವನೇ ಮುಂದುವರಿದು ಇನ್ನೊಂದು ಸಂಗತಿ ಹೇಳಿದ. ಏಳನೆಯ ಇಯತ್ತೆಯಲ್ಲಿ ಓದುವ ತಂಗಿ ರಜೆಗೆ ಬಂದಿದ್ದಳಂತೆ. ಕೀಲಿಮಣೆಯ ಮುಂದೆ ಕುಳಿತು, ಒಂದು ಗಳಿಗೆ ಹುಡುಕಿ, "ಅಣ್ಣಾ, ಇದರಾಗ ಕನ್ನಡ ಇಲ್ಲೇನು?" ಎಂದು ಎದ್ದುಹೋದಳಂತೆ.

ನುರಿತವನಿಗೆ ಅಕ್ಷರ ಬೇಡ ನಿಜ, ನುರಿತವನಾಗುವವರೆಗೆ ಬೇಕು. ಈ ಯಂತ್ರ ಇಂಗ್ಲಿಷಿನವರದು, ಕನ್ನಡ ಇಲ್ಲಿ ಅತಿಥಿ ಎಂಬ ಭಾವನೆ ಆ ಒಂದು ಗಳಿಗೆಯಲ್ಲಿ ಮಗುವಿನ ಮನಸ್ಸಿನಲ್ಲಿ ಬೇರೂರಿಬಿಟ್ಟರೆ, ಆಮೇಲೆ ಆಕೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತೊಡಗುತ್ತಾಳೆ. ನನ್ನ ತರಗತಿಗೆ ಬರುವ ಅನೇಕರ ಕೈಬೇನೆ ಇಂದು ಇದೇ ಆಗಿದೆ. ಕನ್ನಡ ಎಂ.ಎ.ಗೆ ಸೇರಬಯಸುವವರೂ ನನಗೆ ಕಳಿಸುವ ಸಂದೇಶಗಳಲ್ಲಿ ಕನ್ನಡ ಲಿಪಿ ಅಪರೂಪ.

ಹಾಗಾದರೆ ಕನ್ನಡದ ಟೊಪ್ಪಿಗೆ ವಿರಳವಾಗಿರುವುದೇಕೆ? ಬೇಡಿಕೆಯ ಕೊರತೆ ಒಂದು ಕಾರಣ. ನನಗೆ ಕಾಣುವ ಇನ್ನೊಂದು ಕಾರಣ ನಮ್ಮೊಳಗಿನದು. ಟೊಪ್ಪಿಗೆಗಳೆಲ್ಲ ಒಂದೇ ಆಕಾರದವಲ್ಲ. ಹೆಚ್ಚು ಬಳಕೆಯಲ್ಲಿರುವ ಮಾದರಿಗಳಲ್ಲಿ ಪ್ರತಿ ಸಾಲಿನ ಎತ್ತರ, ಇಳಿಜಾರು ಬೇರೆ. ಪದ್ಮನಾಭ ರಾಯರ ವಿನ್ಯಾಸದಲ್ಲಿ 'ಟ' ಮೇಲಿನ ಸಾಲಿನಲ್ಲಿದೆ. ಭಾರತೀಯ ಮಾನಕ ಸಂಸ್ಥೆಯು ೧೯೯೧ರ ಮಾನಕದಲ್ಲಿ ಸೇರಿಸಿಕೊಂಡ 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ ಅದೇ 'ಟ' ನಡುವಿನ ಸಾಲಿನ ಬಲ ಅಂಚಿನಲ್ಲಿದೆ. ಒಂದಕ್ಕಾಗಿ ಮಾಡಿದ ಟೊಪ್ಪಿಗೆ ಇನ್ನೊಂದಕ್ಕೆ ಹೊಂದದು. ಅಕ್ಷರ ಸವೆಯದಂತೆ ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಒಂದರೊಳಗೊಂದು ಎರಕ ಹೊಯ್ಯುವುದೇ ಉತ್ತಮ ಕ್ರಮ. ಅದಕ್ಕೆ ಒಂದೊಂದು ಅಕ್ಷರಕ್ಕೂ ಬೇರೆ ಅಚ್ಚು ಬೇಕು, ಅಚ್ಚಿಗೆ ಹಣ ಬೇಕು. ಅಕ್ಷರ ಎಲ್ಲಿ ಕೂಡಬೇಕೆಂದು ನಾವೇ ಒಮ್ಮತಕ್ಕೆ ಬಾರದಿದ್ದರೆ ಅಚ್ಚು ಕಡೆಯುವವನು ಯಾರನ್ನು ನಂಬಿ ಹಣ ಹೂಡಬೇಕು? ಬೆಂಗಳೂರಿನಲ್ಲಿ ಕನ್ನಡಕ್ಕೆಂದೇ ಕೀಲಿಮಣೆ ರೂಪಿಸುವ ಪ್ರಯತ್ನಗಳು ನಡೆದಿವೆ. ಮೇಲೆ ಅಂಟಿಸುವ ಚೀಟಿಗಳೂ ದೊರೆಯುತ್ತವೆ. ಆದರೆ ಬೆವರಿನ ಬೆರಳಿಗೆ ಚೀಟಿ ಬಹುಕಾಲ ಬಾಳದು. ಗಂಗಾವತಿಯ ಡಿ.ಟಿ.ಪಿ. ಅಂಗಡಿಯೊಂದರಲ್ಲಿ 'ಕ'ಕಾರವೆಲ್ಲ ಸವೆದು ಅಂಟು ಮಾತ್ರ ಉಳಿದ ಕೀಲಿಮಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಅಭಿಪ್ರಾಯದಲ್ಲಿ ದಾರಿ ಕಠಿಣವಾದದ್ದಲ್ಲ. ರಾಜ್ಯವು ಅಂಗೀಕರಿಸಿದ ವಿನ್ಯಾಸವನ್ನು ಮೊದಲ ಅಚ್ಚಿಗೆ ಆಧಾರವಾಗಿ ಹಿಡಿಯಬೇಕು. ಅದರಂತೆ ನೂರಕ್ಕೂ ಮಿಕ್ಕಿದ ಕೀಲಿಗಳಲ್ಲಿ ಬದಲಿಸಬೇಕಾದವು ೨೬ ಮಾತ್ರ. ಇಂಗ್ಲಿಷನ್ನು ಅಳಿಸಬೇಕಾಗಿಲ್ಲ; ಅದರ ಪಕ್ಕದಲ್ಲಿ ಕನ್ನಡಕ್ಕೆ ಎಡೆ ಮಾಡಿಕೊಟ್ಟರೆ ಸಾಕು. ಶಾಲೆಗಳ ಗಣಕ ಕೋಣೆಗಳಿಗೆ ಕೊಳ್ಳುವ ಕೀಲಿಮಣೆಗಳ ಮೇಲೆ ಕನ್ನಡವಿರಬೇಕೆಂದು ಶಿಕ್ಷಣ ಇಲಾಖೆ ಟೆಂಡರಿನಲ್ಲಿ ಒಂದು ವಾಕ್ಯ ಸೇರಿಸಿದರೆ ಬೇಡಿಕೆ ತಾನಾಗಿ ಹುಟ್ಟುತ್ತದೆ.

ತಯಾರಿಕೆಗೂ ದೂರ ಹೋಗಬೇಕಾದ ಕಾರಣವಿಲ್ಲ. ಯಲಬುರ್ಗಾ, ಕುಕನೂರುಗಳ ಸೀಮೆಯ ಭಾನಾಪುರದ ಬಳಿ ಆಟಿಕೆ ತಯಾರಿಕೆಯ ಕೈಗಾರಿಕಾ ಸಮೂಹಕ್ಕೆ ೨೦೨೧ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಪ್ಲಾಸ್ಟಿಕ್ಕಿನ ಆಟಿಕೆಯನ್ನು ಎರಕ ಹೊಯ್ಯುವ ವಿದ್ಯೆಗೂ ಕೀಲಿಯ ಟೊಪ್ಪಿಗೆಯ ವಿದ್ಯೆಗೂ ಬಹಳ ಅಂತರವಿಲ್ಲ. ಇತ್ತ ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗೆ ಬಣ್ಣ ಬಳಿಯುವ ಚಿತ್ರಗಾರರ ಮನೆತನಗಳಿವೆ. ಹೊರನಾಡುಗಳಲ್ಲಿ ಕುಶಲಕರ್ಮಿಗಳು ಒಂದೊಂದೇ ಟೊಪ್ಪಿಗೆಯನ್ನು ಕೈಯಿಂದ ಮಾಡಿ ಒಳ್ಳೆಯ ಬೆಲೆಗೆ ಮಾರುತ್ತಾರೆಂಬ ಸಂಗತಿ ನಮ್ಮ ಕಿನ್ನಾಳದವರ ಕಿವಿಗೂ ಬೀಳಬೇಕು.

ನಾನು ಹೊರಡುವ ಹೊತ್ತಿಗೆ ಹುಡುಗ ಕೀಲಿಮಣೆಯನ್ನು ಮತ್ತೆ ಜೋಡಿಸಿ ಮುಗಿಸಿದ್ದ. ಒಂದು ಸಾಲು ಬೆರಳಚ್ಚಿಸಿ ತೋರಿಸಿದ. ಸಪ್ಪಳ ನಿಜಕ್ಕೂ ಅಡಗಿತ್ತು. ಪರದೆಯ ಮೇಲೆ ಮೂಡಿದ್ದು ಅಚ್ಚಗನ್ನಡ. ಬೆರಳಡಿಯಲ್ಲಿದ್ದುದು ಜಪಾನಿ.

"ಕನ್ನಡದ್ದು ಬಂದ್ರ ಮೊದಲ ತಂಗಿಗೆ ಒಂದು ಕೊಡಸ್ತೀನ್ರಿ ಸರ್" ಎಂದ.