ಖರಾಬು ಅಂತ ಬರೆದವರು ನೆಲ ನಡೆದಿದ್ದಾರಾ?



ಊರಿಗೊಂದು ಯೋಜನೆ ಬರುತ್ತದೆ. ನಿವೇಶನ ಬಡಾವಣೆ ಇರಬಹುದು, ಶಾಲೆ ಇರಬಹುದು, ಚೆಕ್‌ಡ್ಯಾಂ ಇರಬಹುದು. ಮೊದಲು ಜೀಪು ಬರುತ್ತದೆ. ಪಹಣಿ ನೋಡ್ತಾರೆ, ಗ್ರಾಮ ನಕ್ಷೆ ಬಿಚ್ತಾರೆ, ಮಹಜರಿಗೆ ನಾಲ್ಕು ಜನರ ಸಹಿ ಹಾಕಿಸ್ತಾರೆ. 'ಸ್ಥಳ ಖಾಲಿ ಇದೆ' ಎಂದು ಷರಾ ಬರೆದು ಹೊರಟು ಹೋಗ್ತಾರೆ. ನೆಲ ಎಂದಾದರೂ ಖಾಲಿ ಇರುತ್ತದೆಯೆ?

ಕಂದಾಯದ ಕಡತದಲ್ಲಿ ಒಂದು ಮಾತಿದೆ: ಖರಾಬು. 'ಎ' ಖರಾಬು ಅಂದರೆ ಸಾಗುವಳಿಗೆ ಬಾರದ್ದು. 'ಬಿ' ಖರಾಬು ಅಂದರೆ ಹಳ್ಳ, ದಾರಿ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಬಿಟ್ಟದ್ದು. ಎರಡಕ್ಕೂ ಕಂದಾಯವಿಲ್ಲ. ಆದರೆ ಗುಂಟೆ ಹೊಲವೂ ಇಲ್ಲದವರ ಆಡು ಮೇಯೋದು ಅಲ್ಲೇ. ಒಲೆಗೆ ಪುಳ್ಳೆ ಸಿಗೋದು ಅಲ್ಲೇ. ಸತ್ತರೆ ಮೂರಡಿ ಆರಡಿ ಮಣ್ಣು ಸಿಗೋದೂ ಅಲ್ಲೇ. ಯಾರಿಗೆ ಖರಾಬು ಸ್ವಾಮಿ?

ಈ ನೆಲ ಬಲ್ಲವರು ಊರಲ್ಲೇ ಇದ್ದಾರೆ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚಿದವರು ನೀರಗಂಟಿಗಳು. ಬಯಲುಸೀಮೆಯ ಹಲವು ಊರುಗಳಲ್ಲಿ ಅವರು ನಮ್ಮ ಕೇರಿಯವರೇ. ಗಡಿಕಲ್ಲು ತೋರಿಸಿದವರು ತೋಟಿ, ತಳವಾರರು. 1961ರ ಕಾಯ್ದೆ ಈ ವಂಶಪಾರಂಪರ್ಯ ಚಾಕರಿಯನ್ನು ರದ್ದು ಮಾಡಿತು. ಮಾಡಿದ್ದು ಸರಿ, ಬಿಟ್ಟಿಯ ಸಂಕೋಲೆ ಕಳಚಲೇಬೇಕಿತ್ತು. ಆದರೆ ಚಾಕರಿಯ ಜೊತೆಗೆ ಅವರ ತಿಳುವಳಿಕೆಯನ್ನೂ ತಿಪ್ಪೆಗೆ ಎಸೆಯಬೇಕಿತ್ತೆ?

ಕೆರೆ ಕೋಡಿ ಬಿದ್ದರೆ ನೀರು ಎತ್ತ ನುಗ್ಗುತ್ತೆ ಅಂತ ಅವರನ್ನು ಕೇಳಿ. ಬೇಸಿಗೆಯಲ್ಲಿ ಒಣ ಮರಳಾಗಿ ಮಲಗಿರುವ ಹಳ್ಳ ಮಳೆಗಾಲದಲ್ಲಿ ಎಲ್ಲಿವರೆಗೆ ಕೈ ಚಾಚುತ್ತೆ ಅಂತ ಕೇಳಿ. ಎರೆ ನೆಲ ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಅದರ ಮೇಲೆ ತೆಳು ಪಾಯ ಹಾಕಿದರೆ ಗೋಡೆ ಸೀಳುತ್ತೆ. ಯಾವ ಬಾವಿ ಬೇಸಿಗೆಗೂ ಬತ್ತೋಲ್ಲ, ಆ ಬಾವಿಗೆ ಯಾರ ಕೊಡ ಇಳಿಯುತ್ತೆ? ಸ್ಮಶಾನ ನಕ್ಷೆಯಲ್ಲಿದೆ ಸರಿ, ಹೆಣ ಹೊತ್ತು ಹೋಗಲು ಯಾರ ಹೊಲ ದಾಟಬೇಕು? ಇದನ್ನೆಲ್ಲ ಬಿಟ್ಟು ಅಳೆದರೆ ಅದು ಬರೀ ಸರಪಳಿಯ ಲೆಕ್ಕ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ನೆರೆ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳನ್ನು ನುಂಗಿತು. ಆಮೇಲೆ 'ಆಸರೆ' ಹೆಸರಿನಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿದರು. ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ. ನೆರೆಯಿಂದ ದೂರ ಇರುವ ಜಾಗ ಹುಡುಕಿದ್ದು ಸರಿಯೇ. ಬದುಕಿಗೆ ಹತ್ತಿರ ಇದೆಯಾ ಅಂತ ನೋಡಿದವರು ಕಡಿಮೆ.

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ನೆಲವನ್ನು ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ ನಡೆದು ನೋಡಲಿ. ನೀರು ಸೌದೆ ಹೊರುವ ಹೆಂಗಸರು, ಆಡು ಕಾಯುವವರು, ಹಳೆಯ ನೀರಗಂಟಿ ಜೊತೆಗಿರಲಿ. ಅವರು ಹೇಳಿದ ಹಳ್ಳ, ಮರ, ಬಾವಿ, ಗೋರಿ, ಕಾಲುದಾರಿ ಎಲ್ಲ ನಕ್ಷೆಗೆ ಏರಲಿ. ಆ ವರದಿಯನ್ನು ಗ್ರಾಮಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಓದಲಿ. ಊರಿನ ಬಚ್ಚಲು ನೀರು ಇಳಿಯುವ ತಗ್ಗನ್ನೇ ಹುಡುಕಿ ನಮಗೆ 'ಕಾಲೊನಿ' ಕೊಡುವ ಚಾಳಿ ಅಲ್ಲೇ ಬಯಲಾಗುತ್ತದೆ.

ಅಣ್ಣಂದಿರೆ, ಅಕ್ಕಂದಿರೆ, ಮುಂದಿನ ಸಲ ಜೀಪು ಬಂದಾಗ ಇಡೀ ಕೇರಿ ಎದ್ದು ಜೊತೆಗೆ ನಡೆಯಲಿ. ಓದಿ ಹೇಳದ ಮಹಜರಿಗೆ ಹೆಬ್ಬೆಟ್ಟು ಒತ್ತಬೇಡಿ.