ಸೀಬಿಯ ಚಿತ್ರಗಳಿಗೆ ಹೊಸ ಬಣ್ಣ ಬೇಡ, ಮೊದಲು ಮಾಳಿಗೆ ನೋಡಿ



ತುಮಕೂರಿನಿಂದ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಸೀಬಿ ನರಸಿಂಹಸ್ವಾಮಿ ದೇವಸ್ಥಾನದ ಛಾವಣಿ ಚಿತ್ರಗಳ ವಿಷಯವಾಗಿ ಈ ಪತ್ರ. ಚಿತ್ರಗಳು ಮಾಸಿವೆ, ಕೆಲವು ಕಡೆ ಗಾರೆಯ ಸಮೇತ ಉದುರಿವೆ ಎಂಬ ಕೊರಗು ವರ್ಷಗಳಿಂದ ಇದೆ. ಅದರ ಬೆನ್ನಿಗೇ ಇನ್ನೊಂದು ಮಾತು ಭಕ್ತರ ಬಾಯಲ್ಲಿ ಓಡಾಡುತ್ತದೆ: "ಒಳ್ಳೆ ಆರ್ಟಿಸ್ಟ್‌ಗಳನ್ನ ಕರೆಸಿ ಹೊಸದಾಗಿ ಬರೆಸಿಬಿಟ್ರೆ ಆಯ್ತಲ್ಲ, ದುಡ್ಡು ನಾವೇ ಹಾಕ್ತೀವಿ." ಹಾಗೆನ್ನುವವರ ಭಕ್ತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಎಷ್ಟೋ ಕುಟುಂಬಗಳಿಗೆ ಸೀಬಿ ನರಸಿಂಹ ಮನೆದೇವರು. ಆದರೂ ಈ ಸಲಹೆಯನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಹೊಸ ಬಣ್ಣ ಬಿದ್ದ ದಿನವೇ ಆ ಚಿತ್ರಗಳ ಕಥೆ ಮುಗಿಯಿತು.

ಅಲ್ಲಿ ಏನಿದೆ ಎಂಬುದನ್ನು ಮೊದಲು ನೆನಪಿಸಿಕೊಳ್ಳೋಣ. ಈ ದೇವಸ್ಥಾನವನ್ನು ಇಂದಿನ ರೂಪದಲ್ಲಿ ಕಟ್ಟಿಸಿದವರು ಕಚೇರಿ ಕೃಷ್ಣಪ್ಪನವರ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಅಣ್ಣತಮ್ಮಂದಿರು. ಹೈದರ್, ಟಿಪ್ಪು ಕಾಲದ ಆಡಳಿತದ ಒಳಹೊರಗು ಬಲ್ಲ ಮನೆತನ ಅದು. ಹೈದರ್ ಅಲಿಯ ಚರಿತ್ರೆ ಹೇಳುವ ಕನ್ನಡ ಗದ್ಯಗ್ರಂಥ 'ಹೈದರ್ ನಾಮಾ'ವನ್ನು ವಿದ್ವಾಂಸರು ನಲ್ಲಪ್ಪನವರ ಹೆಸರಿನೊಂದಿಗೇ ಜೋಡಿಸುತ್ತಾರೆ. ಅಂಥವರು ಬರೆಸಿದ ಛಾವಣಿಯಲ್ಲಿ ನರಸಿಂಹಾವತಾರ, ರಾಮಾಯಣ, ಭಾಗವತ ಇರುವುದು ಸಹಜ. ಪುರಾಣದ ಮಗ್ಗುಲಲ್ಲೇ ದರ್ಬಾರಿನ ದೃಶ್ಯಗಳಿವೆ. ಹೈದರನ ಒಡ್ಡೋಲಗವೆಂದು ಗುರುತಿಸಲಾಗಿರುವ ಚಿತ್ರವೂ ಇದೆ. ಕತ್ತೆತ್ತಿ ಒಂದೇ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಆ ಕಾಲದ ಜನ ಪೇಟ ಹೇಗೆ ಸುತ್ತುತ್ತಿದ್ದರು, ಅಂಗಿಯ ಮೇಲೆ ನಡುಕಟ್ಟು ಎಲ್ಲಿ ಬಿಗಿಯುತ್ತಿದ್ದರು ಎಂಬುದೆಲ್ಲ ಕಾಣಿಸುತ್ತದೆ. ಶಾಸನ ಓದಲು ಬಾರದ ರೈತನಿಗೂ ಓದಲು ಬರುವ ಚರಿತ್ರೆ ಇದು. ಸುಮಾರು 200 ವರ್ಷದ ಹಿಂದಿನ ನಮ್ಮ ಸೀಮೆಯ ಮುಖ, ಉಡುಪು, ಆಯುಧಗಳನ್ನು ಬಣ್ಣದಲ್ಲಿ ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ಜಾಗ ಈ ನಾಲ್ಕು ತಾಲ್ಲೂಕುಗಳ ಆಸುಪಾಸಿನಲ್ಲಿ ನನಗೆ ಗೊತ್ತಿಲ್ಲ.

ಈ ತರಹದ ಚಿತ್ರ ಕೆಡುವುದು ಹೇಗೆ ಎಂಬುದು ತಿಳಿಯದಿದ್ದರೆ ಉಳಿಸುವ ದಾರಿಯೂ ತಿಳಿಯುವುದಿಲ್ಲ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಕಲ್ಲಿನ ಚಪ್ಪಡಿಯ ಕೆಳಮೈಗೆ ತೆಳುವಾಗಿ ಸುಣ್ಣದ ಗಾರೆ ಬಳಿದು, ನುಣುಪು ಮಾಡಿ, ಒಣಗಿದ ಮೇಲೆ ಅಂಟಿನಲ್ಲಿ ಕಲೆಸಿದ ಬಣ್ಣದಿಂದ ಬರೆಯುತ್ತಿದ್ದರು. ಕೆಂಪಿಗೆ ಕಾವಿ, ಕಪ್ಪಿಗೆ ದೀಪದ ಕಾಡಿಗೆ, ಬಿಳುಪಿಗೆ ಸುಣ್ಣ. ಬಣ್ಣಕ್ಕೆ ಆಧಾರ ಗಾರೆ, ಗಾರೆಗೆ ಆಧಾರ ಕಲ್ಲು. ಮಾಳಿಗೆಯ ಮೇಲೆ ಮಳೆನೀರು ನಿಂತು ಚಪ್ಪಡಿಯ ಸಂದಿನಿಂದ ಇಳಿದರೆ ಅದು ಗಾರೆಯಲ್ಲಿರುವ ಉಪ್ಪನ್ನು ಕರಗಿಸಿಕೊಂಡು ಕೆಳಮೈಗೆ ತರುತ್ತದೆ. ನೀರು ಆರಿದ ಮೇಲೆ ಉಪ್ಪು ಬಿಳಿ ಪುಡಿಯಾಗಿ ಹೊರಗೆ ಬಂದು ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ. ಬಣ್ಣ ಮೊದಲು ಹಪ್ಪಳದಂತೆ ಉಬ್ಬುತ್ತದೆ, ಆಮೇಲೆ ಬೆರಳು ಸೋಕಿದರೂ ಉದುರುತ್ತದೆ. ಅಂದರೆ ಕಾಯಿಲೆ ಇರುವುದು ಮಾಳಿಗೆಯ ಮೇಲೆ, ಕಾಣಿಸಿಕೊಳ್ಳುವುದು ಚಿತ್ರದಲ್ಲಿ. ಮೇಲೆ ಹತ್ತಿ ನೋಡದೆ ಕೆಳಗೆ ನಿಂತು ಬ್ರಶ್ ಹಿಡಿದರೆ ಎರಡು ಮಳೆಗಾಲದೊಳಗೆ ಹೊಸ ಬಣ್ಣವೂ ಉದುರುತ್ತದೆ, ಉದುರುವಾಗ ಹಳೆಯದನ್ನೂ ಕಿತ್ತುಕೊಂಡು ಬರುತ್ತದೆ.

ಆಯಿಲ್ ಪೇಂಟ್, ಡಿಸ್ಟೆಂಪರ್, ಎಮಲ್ಷನ್ ಮುಂತಾದವು ಇನ್ನೂ ಅಪಾಯ. ಸುಣ್ಣದ ಗಾರೆಗೆ ಉಸಿರಾಟವಿದೆ, ಒಳಗಿನ ತೇವ ಹೊರಗೆ ಹೋಗಲು ಅದು ಬಿಡುತ್ತದೆ. ಪ್ಲಾಸ್ಟಿಕ್ಕಿನಂಥ ಈ ಬಣ್ಣಗಳು ಆ ದಾರಿಯನ್ನೇ ಮುಚ್ಚುತ್ತವೆ. ಸಿಮೆಂಟಿನದೂ ಇದೇ ಕಥೆ. ಮಾಳಿಗೆ ಸೋರಿತೆಂದು ಹಳೆಯ ಗಾರೆಯ ಮೇಲೆ ಸಿಮೆಂಟು ಸುರಿದರೆ ಕಲ್ಲಿಗೆ ಭಾರ ಹೆಚ್ಚಾಗುತ್ತದೆ, ಸಿಮೆಂಟು ಬಿರುಕು ಬಿಟ್ಟ ಕಡೆ ನೀರು ಒಳಗೆ ಸೇರಿಕೊಂಡು ಆರಲು ಜಾಗವಿಲ್ಲದೆ ಕೆಳಗಿನ ಚಿತ್ರಕ್ಕೇ ಇಳಿಯುತ್ತದೆ. ನಮ್ಮ ಭಾಗದ ಹಳ್ಳಿಯೊಂದರ ದೇವಸ್ಥಾನದಲ್ಲಿ ಜಾತ್ರೆಗೆಂದು ಕಂಬದ ಶಿಲ್ಪಗಳಿಗೆಲ್ಲ ಬೆಳ್ಳಿ ಬಣ್ಣ ಹೊಡೆಸಿದ್ದನ್ನು ನಾನು ಕಂಡಿದ್ದೇನೆ. ಶಿಲ್ಪಿ ಉಳಿಯಲ್ಲಿ ಬಿಡಿಸಿದ್ದ ಬೆರಳು, ಉಗುರು, ಸರದ ಮಣಿ ಎಲ್ಲ ಒಂದೇ ಮುದ್ದೆಯಾಗಿದ್ದವು. ಕಲ್ಲಾದರೆ ಪರಿಣತರ ಕೈಯಲ್ಲಿ ಬಣ್ಣ ತೆಗೆಸಲು ಸಾಧ್ಯವಿದೆ. ಚಿತ್ರದ ಮೇಲೆ ಬಿದ್ದ ಬಣ್ಣವನ್ನು ತೆಗೆಯಲು ಹೋದರೆ ಚಿತ್ರವೇ ಬರುತ್ತದೆ.

ಈ ತಪ್ಪು ದೊಡ್ಡವರ ಕೈಯಲ್ಲೂ ಆಗಿದೆ. ಅಜಂತಾದ ಚಿತ್ರಗಳನ್ನು ಕಾಪಾಡಲೆಂದು ಹೈದರಾಬಾದಿನ ನಿಜಾಮರು 1920ರ ದಶಕದ ಆರಂಭದಲ್ಲಿ ಇಟಲಿಯಿಂದ ತಜ್ಞರನ್ನೇ ಕರೆಸಿದರು. ಅವರು ಬಳಿದ ಅರಗಿನ ಮೆರುಗು ಕಾಲಕ್ರಮದಲ್ಲಿ ಹಳದಿ ತಿರುಗಿ ಚಿತ್ರಗಳನ್ನೇ ಮಬ್ಬಾಗಿಸಿತು, ಅದನ್ನು ತೆಗೆಯುವ ಕೆಲಸ ಪುರಾತತ್ವ ಇಲಾಖೆಗೆ ದಶಕಗಳ ಹೊರೆಯಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರದು. ಅಲ್ಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು 1850ರ ದಶಕದಲ್ಲಿ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬರೆಸಲಾಯಿತು. ನಾವು ಮಕ್ಕಳಿಗೆ ತೋರಿಸುವ ಆ ಗೋಡೆಯಲ್ಲಿ ಟಿಪ್ಪು ಕಾಲದ ಗೆರೆ ಎಷ್ಟು, ಆಮೇಲಿನ ಕೈ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಂಪೆಯ ವಿರೂಪಾಕ್ಷ ದೇವಸ್ಥಾನದಲ್ಲಿ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ರಂಗಮಂಟಪದ ಛಾವಣಿ ಚಿತ್ರಗಳು ವಿಜಯನಗರದವೋ 19ನೇ ಶತಮಾನದವೋ ಎಂಬ ಚರ್ಚೆ ವಿದ್ವಾಂಸರ ನಡುವೆ ಇನ್ನೂ ನಡೆದೇ ಇದೆ. ಸೀಬಿಯನ್ನೂ ಅಂಥ ಅನುಮಾನಕ್ಕೆ ಯಾಕೆ ದೂಡಬೇಕು?

ಹಿರಿಯರೊಬ್ಬರು ನನ್ನೊಡನೆ ವಾದಿಸುತ್ತ, ಭಿನ್ನವಾದದ್ದನ್ನು ದೇವಸ್ಥಾನದಲ್ಲಿ ಇಟ್ಟುಕೊಳ್ಳಬಾರದು, ಜೀರ್ಣೋದ್ಧಾರ ಮಾಡಿಸುವುದು ಪುಣ್ಯದ ಕೆಲಸ ಎಂದರು. ಅವರ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ: ಭಿನ್ನವಾದರೆ ಪೂಜೆಗೆ ಸಲ್ಲದು ಎಂಬುದು ಪೂಜೆಗೊಳ್ಳುವ ಮೂರ್ತಿಗೆ ಸಂಬಂಧಿಸಿದ ಮಾತು. ಮಂಟಪದ ಛಾವಣಿಯ ಚಿತ್ರಕ್ಕೆ ಪ್ರಾಣಪ್ರತಿಷ್ಠೆ ಆಗಿಲ್ಲ, ನೈವೇದ್ಯ ಇಲ್ಲ. ಅದು ಸ್ವಾಮಿಗೆ ಭಕ್ತರು ಒಪ್ಪಿಸಿದ ಸೇವೆ. ಇನ್ನೊಬ್ಬರು ಒಪ್ಪಿಸಿದ ಸೇವೆಯನ್ನು ಅಳಿಸಿ ಅದೇ ಜಾಗದಲ್ಲಿ ನಮ್ಮ ಹೆಸರಿನ ಸೇವೆ ಮಾಡಿಸುವುದು ಪುಣ್ಯವೆಂದು ನನಗೆ ತೋರುವುದಿಲ್ಲ. ಜೀರ್ಣೋದ್ಧಾರ ಆಗಲೇಬೇಕು, ಮಾಳಿಗೆಯಿಂದ ಶುರುವಾಗಲಿ.

ಹಾಗಾದರೆ ಏನು ಮಾಡಬೇಕು? ಇದ್ದದ್ದನ್ನು ಇದ್ದಂತೆ ದಾಖಲಿಸುವುದು ಎಲ್ಲಕ್ಕಿಂತ ತುರ್ತು. ಛಾವಣಿಯ ಪ್ರತಿ ಅಂಕಣವನ್ನೂ ಒಳ್ಳೆಯ ಕ್ಯಾಮೆರಾದಲ್ಲಿ, ಫ್ಲ್ಯಾಶ್ ಹೊಡೆಯದೆ, ಅಳತೆಪಟ್ಟಿ ಇಟ್ಟು ತೆಗೆಸಬೇಕು. ಚಿನ್ನ ಬೆಳ್ಳಿ ಒಡವೆಯನ್ನು ತೂಕ ಹಾಕಿ ಪುಸ್ತಕಕ್ಕೆ ಹತ್ತಿಸುತ್ತಾರೆ, ಜಮೀನಿಗೆ ಪಹಣಿ ಇದೆ. ಈ ಚಿತ್ರಗಳೂ ದೇವಸ್ಥಾನದ ಆಸ್ತಿ ಪಟ್ಟಿಗೆ ಒಂದೊಂದಾಗಿ ಸೇರಬೇಕು. ಹಾಗೆ ಸೇರಿದರೆ ಅಧಿಕಾರಿ ಬದಲಾದಾಗ, ಸಮಿತಿ ಬದಲಾದಾಗ ಲೆಕ್ಕ ಕೇಳಲು ಒಂದು ಕಾಗದವಾದರೂ ಇರುತ್ತದೆ. ಮಾಳಿಗೆಯ ಕೆಲಸವನ್ನು ಸುಣ್ಣ, ಬೆಲ್ಲ, ಅಳಲೆಕಾಯಿ ಹಾಕಿ ಹಳೆಯ ಪದ್ಧತಿಯಲ್ಲಿ ಗಾರೆ ಅರೆಯಲು ಬಲ್ಲವರಿಂದ ಮಾಡಿಸಬೇಕು. ರಸ್ತೆ, ಚರಂಡಿ ಮಾಡುವ ಗುತ್ತಿಗೆದಾರರಿಗೆ ಕಡಿಮೆ ದರದ ಟೆಂಡರಿನಲ್ಲಿ ಕೊಡುವ ಕೆಲಸ ಇದಲ್ಲ. ಚಿತ್ರದ ಗಾರೆಗೆ ಮೊಳೆ ಹೊಡೆದು ವೈರ್ ಎಳೆಯುವುದು, ಬ್ಯಾನರ್ ಕಟ್ಟುವುದು ಎಲ್ಲೇ ಇದ್ದರೂ ನಿಲ್ಲಬೇಕು. ಎಣ್ಣೆ ದೀಪ, ಕರ್ಪೂರದ ಹೊಗೆ ಚಿತ್ರದ ಕೆಳಗೆ ಏಳದಂತೆ ಹೊರಗೆ ದೀಪ ಹಚ್ಚಲು ಜಾಗ ಮಾಡಿದರೆ ಭಕ್ತರು ಒಪ್ಪುತ್ತಾರೆ, ಎಷ್ಟೋ ದೇವಸ್ಥಾನಗಳಲ್ಲಿ ಈಗಾಗಲೇ ಒಪ್ಪಿದ್ದಾರೆ.

ಪರಿಣತರಿಗೆ ದೂರ ಹೋಗಬೇಕಿಲ್ಲ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆಯೂ ಅಲ್ಲೇ ಇದೆ. ಉಬ್ಬಿದ ಬಣ್ಣವನ್ನು ಮತ್ತೆ ಗಾರೆಗೆ ಕೂರಿಸುವ, ಮಸಿಯನ್ನು ಮಾತ್ರ ತೆಗೆದು ಬಣ್ಣ ಉಳಿಸುವ ವಿದ್ಯೆ ಇಂಥ ಸಂಸ್ಥೆಗಳಲ್ಲಿ ಕಲಿತವರಿಗೆ ಗೊತ್ತು. ಉದುರಿಹೋದ ಜಾಗವನ್ನು ಅವರು ಊಹೆಯಿಂದ ತುಂಬುವುದಿಲ್ಲ, ಸುತ್ತಲಿನ ಬಣ್ಣಕ್ಕೆ ಹೊಂದುವ ಗಾರೆಯಿಂದ ಅಂಚು ಕಟ್ಟಿ ಬಿಡುತ್ತಾರೆ. ಅರ್ಧ ಮುಖ ಉಳಿದಿದ್ದರೆ ಅರ್ಧ ಮುಖವೇ ಇರಲಿ.

ನಮ್ಮ ಮಧುಗಿರಿಯಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಬರೆಸಿದ ಆ ಛಾವಣಿಯಲ್ಲೂ ಬಣ್ಣ ಮಾಸಿದೆ, ಎಷ್ಟೋ ಕಡೆ ಖಾಲಿಯಾಗಿದೆ. ಆದರೂ ಅದನ್ನು ನೋಡಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಅದು ಸೇರಿತು. ಪಾವಗಡದ ಶನಿಮಹಾತ್ಮನಿಗೆ, ಗೊರವನಹಳ್ಳಿ ಮಹಾಲಕ್ಷ್ಮಿಗೆ ಸೇರುವ ಜನಸಾಗರದಲ್ಲಿ ಒಂದು ಪಾಲು ಸೀಬಿಯಲ್ಲೂ ಇಳಿದು ಕತ್ತೆತ್ತಿ ನೋಡುವಂತಾಗಲಿ. ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನದಲ್ಲೂ ಛಾವಣಿ ಚಿತ್ರಗಳಿವೆ. ಎರಡನ್ನೂ ಸೇರಿಸಿ ಶಾಲಾ ಮಕ್ಕಳ ಪ್ರವಾಸಕ್ಕೆ ಒಂದು ದಿನದ ದಾರಿ ಮಾಡಬಹುದು.

ಮುಜರಾಯಿ ಇಲಾಖೆ, ಪುರಾತತ್ವ ಇಲಾಖೆ ಮತ್ತು ಜಿಲ್ಲಾಡಳಿತ ಒಟ್ಟಿಗೆ ಕೂತು, ಸೀಬಿಯ ಛಾವಣಿಗೆ ಸಂರಕ್ಷಣಾ ತಜ್ಞರ ಲಿಖಿತ ವರದಿ ಇಲ್ಲದೆ ಸುಣ್ಣಬಣ್ಣ, ಸಿಮೆಂಟು, ವಾರ್ನಿಶ್ ಯಾವುದೂ ತಾಗಬಾರದೆಂದು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ದುಡ್ಡು ಹಾಕಲು ಮುಂದೆ ಬಂದಿರುವ ಭಕ್ತರಲ್ಲೂ ನನ್ನ ವಿನಂತಿ ಇದೆ: ಆ ದುಡ್ಡನ್ನು ಛಾಯಾಚಿತ್ರ ದಾಖಲೆಗೂ ಮಾಳಿಗೆಯ ಗಾರೆಗೂ ಕೊಡಿ. ಮುಂದಿನ ಮುಂಗಾರಿನೊಳಗೆ ತಜ್ಞರೊಬ್ಬರು ಮಾಳಿಗೆ ಹತ್ತಿ ನೋಡಲಿ.

ಇಂತಿ,
ನಿವೃತ್ತ ಚಿತ್ರಕಲಾ ಶಿಕ್ಷಕ, ಮಧುಗಿರಿ