ಬುತ್ತಿಗಂಟಿಗೊಂದು ಸುಂಕದಕಟ್ಟೆ

ಹರಿಹರದ ಬಸ್‌ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯಲ್ಲಿ ಮೊನ್ನೆ ಒಬ್ಬ ಓದಿದ ಗೆಳೆಯ ಒಂದು ಮಾತು ತೆಗೆದ. "ಬೆಳಗಾದ್ರೆ ಸಾವಿರಾರು ಜನ ಹಳ್ಳಿಯಿಂದ, ಹರಿಹರದಿಂದ ದಾವಣಗೆರೆಗೆ ದುಡಿಯೋಕೆ ಹೋಗ್ತಾರೆ. ಅಲ್ಲಿನ ರಸ್ತೆ ತುಳೀತಾರೆ, ಅಲ್ಲಿನ ನೀರು ಕುಡೀತಾರೆ. ಸಂಜೆಗೆ ದುಡ್ಡು ಗಂಟು ಕಟ್ಕೊಂಡು ತಮ್ಮೂರಿಗೆ ವಾಪಸ್. ಕಂದಾಯ ಕಟ್ಟೋನು ಮಾತ್ರ ಊರಾಗೆ ಮನೆ ಇದ್ದೋನು. ಹೊರಗಿಂದ ಬಂದು ದುಡಿಯೋರ ಗಳಿಕೆ ಮೇಲೆ ಪಾಲಿಕೆ ಒಂಚೂರು ತೆರಿಗೆ ಹಾಕಿದ್ರೆ ತಪ್ಪೇನು? ಅಮೆರಿಕಾದಾಗೆ ಹಾಕ್ತಾರಂತೆ."

ಅವನು ಕೆಟ್ಟವನಲ್ಲ. ನಮ್ಮ ಸಭೆಗಳಿಗೆ ಬರುವವ, ಪತ್ರಿಕೆ ಕೊಂಡು ಓದುವವ. ಧಣಿಗಳ ಬಾಯಲ್ಲಿ ಈ ಮಾತು ಬಂದಿದ್ದರೆ ಚಹಾ ಕುಡಿದು ಎದ್ದು ಬರುತ್ತಿದ್ದೆ. ನಮ್ಮವನ ಬಾಯಲ್ಲೇ ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೆಳೆಯರೇ, ಬೆಳಗಿನ ಏಳು ಗಂಟೆಗೆ ಪಿ.ಬಿ. ರಸ್ತೆಯಲ್ಲಿ ನಿಂತು ನೋಡಿ. ಹರಿಹರ, ದೊಡ್ಡಬಾತಿ ಕಡೆಯಿಂದ ಬರುವ ಬಸ್ಸು, ಟೆಂಪೋ, ಆಪೆಗಳ ಒಳಗೆ ಯಾರಿದ್ದಾರೆ? ಗಾರೆ ಕೆಲಸದವರು. ಮಾರುಕಟ್ಟೆಯ ಹಮಾಲರು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೇಯುವವರು. ಬಟ್ಟೆ ಅಂಗಡಿಯಲ್ಲಿ ಹತ್ತು ತಾಸು ನಿಂತೇ ಇರಬೇಕಾದ ಹುಡುಗಿಯರು. ವಿದ್ಯಾನಗರ, ಎಂ.ಸಿ.ಸಿ. ಬಡಾವಣೆಯ ಮನೆಗಳ ಹಿತ್ತಲಲ್ಲಿ ಪಾತ್ರೆ ತಿಕ್ಕುವ ನಮ್ಮ ಅವ್ವಂದಿರು. ಮಡಿಲಲ್ಲಿ ಬುತ್ತಿಗಂಟು, ಅದರ ಪಕ್ಕ ಮನೆಯಿಂದಲೇ ತುಂಬಿ ತಂದ ನೀರಿನ ಬಾಟ್ಲಿ. ಬೇರೆಯವರ ಮನೆಯಲ್ಲಿ ನೀರು ಕೇಳಿದರೆ ಯಾವ ಲೋಟದಲ್ಲಿ ಕೊಡುತ್ತಾರೋ, ಕೊಟ್ಟ ಮೇಲೆ ಆ ಲೋಟವನ್ನು ಎಲ್ಲಿಡುತ್ತಾರೋ, ಅದನ್ನು ನೋಡುವುದು ಬೇಡ ಅಂತ ತಂದ ನೀರು ಅದು.

ದಾವಣಗೆರೆ ನೀರು ಕುಡೀತಾರೆ ಅಂದನಲ್ಲ ನಮ್ಮ ಗೆಳೆಯ, ಆ ನೀರು ದಾವಣಗೆರೆಗೆ ಎಲ್ಲಿಂದ ಬರುತ್ತದೆ? ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಹತ್ತಿರ ತುಂಗಭದ್ರೆಯಿಂದ ಎತ್ತಿ ಕೊಳವೆಯಲ್ಲಿ ತಳ್ಳುತ್ತಾರೆ. ಉಳಿದದ್ದು ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ. ನದಿ ದಿನಾ ಹರಿಹರದಿಂದ ದಾವಣಗೆರೆಗೆ ಕೆಲಸಕ್ಕೆ ಹೋಗುತ್ತದೆ, ಸಂಜೆ ವಾಪಸ್ಸೂ ಬರುವುದಿಲ್ಲ. ಅದರ ಲೆಕ್ಕವನ್ನು ಯಾವ ಪಾಲಿಕೆಯವನೂ ತೆಗೆದಿಲ್ಲ. ನಗರದ ಕಸದ ಲಾರಿ ಊರಾಚೆಯ ದಾರಿ ಹಿಡಿಯುತ್ತದೆ. ವಾಸನೆ ಕುಡಿಯುವವರಿಗೆ ಇಂತಿಷ್ಟು ಅಂತ ಯಾರಾದರೂ ರಶೀದಿ ಹರಿದರೆ?

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಇದೆ. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದು. ಈ ದಡದಿಂದ ಸೇತುವೆ ದಾಟಿ ಹೋಗಿ ದುಡಿದವರು ಎಷ್ಟೋ ಮಂದಿ. ಕಾರ್ಖಾನೆಯ ನೀರು ನದಿಗೆ ಸೇರಿ ಮೀನು ಸತ್ತು ತೇಲಿದಾಗ, 1980ರ ದಶಕದಲ್ಲಿ, ಕೆಳದಂಡೆಯ ನಲವಾಗಲಿನಂಥ ಹಳ್ಳಿಗಳವರು ಬೀದಿಗಿಳಿಯಬೇಕಾಯಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಸಿಕೊಡಲು ಸರ್ಕಾರವೇ ಪಾಲುದಾರನಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಮಾಡಿತು. 30,000 ಹೆಕ್ಟೇರ್ ಗೋಮಾಳ, ಗಾಯರಾಣ ಆ ಕಂಪನಿಗೆ. ದನ ಮೇಯಿಸುವವರು, ಸೌದೆ ಆಯುವವರು ಹಾಳಾಗಿ ಹೋಗಲಿ ಅಂತ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿ ನೀಲಗಿರಿ ಸಸಿ ಕಿತ್ತು ಹಣ್ಣಿನ ಗಿಡ, ಮೇವಿನ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿ ಮುಚ್ಚಿತು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಹಳ್ಳಿಯಿಂದ ನಗರಕ್ಕೆ ಏನೇನು ಹೋಗುತ್ತದೆ ಅಂತ ಲೆಕ್ಕಕ್ಕೆ ಕೂತರೆ ಬಾಕಿ ಯಾರ ಹೆಸರಲ್ಲಿ ನಿಲ್ಲುತ್ತದೆ ಅನ್ನುವುದು ನಮ್ಮ ಗೆಳೆಯನಿಗೂ ತಿಳಿಯಲಿ ಅಂತ.

ಈಗ ಮುಖ್ಯ ಪ್ರಶ್ನೆ. ಈ ಜನ ದಿನಾ ಯಾಕೆ ಓಡಾಡುತ್ತಾರೆ? ಶೋಕಿಗಲ್ಲ. ಕೆಲಸ ಕೊಡುವ ನಗರ ಮನೆ ಕೊಡುವುದಿಲ್ಲ. ಬಾಡಿಗೆ ಒಂದು ಕಾರಣ, ಸರಿ. ಆದರೆ ಬಾಡಿಗೆ ಕೊಡುತ್ತೇನೆ ಅಂದರೂ ಬಾಗಿಲು ತೆರೆಯದ ಬೀದಿಗಳಿವೆ. ನನಗೆ ಮಾಸ್ತರಿಕೆ ಸಿಕ್ಕ ವರ್ಷ ದಾವಣಗೆರೆಯಲ್ಲಿ ಮನೆ ಹುಡುಕಿದ್ದೆ. ಒಬ್ಬ ಯಜಮಾನ ಮುಂಗಡ ಎಷ್ಟು, ನೀರು ಎಷ್ಟೊತ್ತಿಗೆ, ಎಲ್ಲಾ ಮಾತಾಡಿ, ಕೊನೆಗೆ ಬೀಗದ ಕೈ ಕೈಯಲ್ಲಿ ಹಿಡಿದುಕೊಂಡೇ "ತಾವು ಯಾವ ಪೈಕಿ?" ಅಂದ. ಹೇಳಿದೆ. ಬೀಗದ ಕೈ ಜೇಬಿಗೆ ಹೋಯಿತು. "ನಮ್ಮ ತಾಯಿ ಸ್ವಲ್ಪ ಹಳೇ ಕಾಲದೋರು" ಅಂದ. ಹಳೇ ಕಾಲದ ತಾಯಂದಿರು ಈ ನಗರದಲ್ಲಿ ಎಷ್ಟು ಮಂದಿ ಇದ್ದಾರೋ, ನಾನು ಆರು ಮನೆಗಳಲ್ಲಿ ಅವರ ವಿಚಾರ ಕೇಳಿದೆ! ಸಂಬಳದ ಮಾಸ್ತರನ ಪಾಡೇ ಇದಾದರೆ ಗಾರೆ ಕೆಲಸದ ಮಾದಿಗರ ಹುಡುಗನದು ಏನು? ತಾನೇ ಕಟ್ಟಿದ ಮನೆಗೆ ಗೃಹಪ್ರವೇಶದ ದಿನದಿಂದ ಅವನು ಹೊರಗಿನವನು. ಆರೂವರೆಯ ಬಸ್ಸೇ ಅವನಿಗೆ ಗತಿ. ಒಳಗೆ ಸೇರಿಸದೇ ಇದ್ದವನಿಂದ 'ನೀನು ಹೊರಗಿನವನು' ಅಂತ ಸುಂಕ ಕೇಳುವುದು ಯಾವ ನ್ಯಾಯ?

ಅಮೆರಿಕಾದ ಮಾತು ಸುಳ್ಳಲ್ಲ. ನ್ಯೂಯಾರ್ಕ್ ನಗರ 1966ರಿಂದ 1999ರವರೆಗೆ ಹೊರಗಿನಿಂದ ಬಂದು ದುಡಿಯುವವರ ಗಳಿಕೆಯ ಮೇಲೆ ತೆರಿಗೆ ಹಾಕುತ್ತಿತ್ತು. ಡೆಟ್ರಾಯಿಟ್ 1962ರಲ್ಲಿ ಶುರು ಮಾಡಿದ್ದನ್ನು ಇನ್ನೂ ಬಿಟ್ಟಿಲ್ಲ. ಆದರೆ ಅಲ್ಲಿ ಓಡಾಡುವವರು ಯಾರು? ಕರಿಯರ ಪಕ್ಕದಲ್ಲಿ ಬದುಕಲು ಮನಸ್ಸಿಲ್ಲದೆ ಹೊರವಲಯದಲ್ಲಿ ತೋಟದ ಮನೆ ಕಟ್ಟಿಕೊಂಡು ಹೋದ ಬಿಳಿಯರು. ಕರಿಯರು, ಬಡವರು ಹಾಳು ಬಿದ್ದ ನಗರದ ಒಳಗೆ ಉಳಿದರು. ಹಗಲು ನಗರದಲ್ಲಿ ಸಂಬಳ, ರಾತ್ರಿ ಹೊರವಲಯದಲ್ಲಿ ನಿದ್ದೆ, ಅಲ್ಲಿನ ಶಾಲೆಗೆ ಕಂದಾಯ. ಅಂಥವನಿಂದ ಬಡ ನಗರ ಒಂದಿಷ್ಟು ಕೇಳಿತು. ಅದನ್ನೂ ನ್ಯೂಯಾರ್ಕಿನಲ್ಲಿ ಹೊರವಲಯದ ಓಟಿಗೆ ಬಾಯಿ ಬಿಟ್ಟ ರಾಜಕಾರಣಿಗಳು ರದ್ದು ಮಾಡಿದರು. ನಮ್ಮಲ್ಲಿ ನಕ್ಷೆ ತಿರುವುಮುರುವು. ಉಳ್ಳವನು ನಡು ಊರಲ್ಲಿ, ಕೇರಿಯವನು ಬಸ್ಸಿನಲ್ಲಿ. ಅಲ್ಲಿ ಬಿಳಿಯರಿಗೆ ಹಾಕಿದ ತೆರಿಗೆಯನ್ನು ಇಲ್ಲಿ ಕರಿಯರಿಗೆ ಹಾಕೋಣ ಅಂದಂತಾಯಿತು.

ಊರ ಬಾಗಿಲಲ್ಲಿ ಸುಂಕ ಕೇಳುವುದು ನಮ್ಮ ಜನಕ್ಕೆ ಹೊಸದಲ್ಲ ಬಿಡಿ. 1979ರಲ್ಲಿ ರದ್ದಾಗುವ ತನಕ ನಮ್ಮ ಊರುಗಳ ಅಂಚಿನಲ್ಲಿ ಆಕ್ಟ್ರಾಯ್ ನಾಕಾಗಳಿದ್ದವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅನ್ನುವ ಗಾದೆ ಯಾರೋ ಪಂಡಿತರು ಮನೆಯಲ್ಲಿ ಕೂತು ಕಟ್ಟಿದ್ದಲ್ಲ. (ಹನ್ನೆರಡನೇ ಶತಮಾನದಲ್ಲಿ ಸುಂಕದ ಬಂಕಣ್ಣ ಅಂತ ಒಬ್ಬ ಶರಣ ಇದ್ದ. ಅಂಥ ಸುಂಕದವನು ಆಮೇಲೆ ಹುಟ್ಟಿದ್ದು ನಾನು ಕೇಳಿಲ್ಲ.) ಇದೇ ಪಿ.ಬಿ. ರಸ್ತೆಯ ಆ ತುದಿಯ ಪುಣೆಯಲ್ಲಿ, ಪೇಶ್ವೆಗಳ ಕಾಲದಲ್ಲಿ, ನಮ್ಮವರು ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ನಡೆಯಬೇಕಿತ್ತೆಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದರು. ಊರಿಗೆ ಕಾಲಿಡುವುದಕ್ಕೇ ಒಂದು ಬೆಲೆ. ಮಡಕೆ ಹೋಗಿ ರಶೀದಿ ಬಂದರೆ ಅದನ್ನು ಪ್ರಗತಿ ಅಂತ ಕರೆಯೋಣವೇ?

ಲೆಕ್ಕಕ್ಕೂ ಬರೋಣ. ದಿನಕ್ಕೆ ಐನೂರು ಕೂಲಿ, ತಿಂಗಳಿಗೆ 26 ದಿನ ಕೆಲಸ ಅನ್ನೋಣ. ಅಷ್ಟು ದಿನ ಯಾರು ಕೊಡುತ್ತಾರೆ, ಇರಲಿ. 13,000 ಆಯಿತು. ಶೇಕಡಾ ಒಂದು ಅಂದರೂ 130 ರೂಪಾಯಿ, ಕಾಲು ದಿನದ ಬೆವರು. ವಸೂಲಿ ಮಾಡುವವನು ಮೇಸ್ತ್ರಿ. ಅವನು 130ರ ಜಾಗದಲ್ಲಿ ಇನ್ನೂರು ಮುರಿದುಕೊಂಡರೆ ಕೇಳುವವರಾರು? ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಆ ಉಳಿದ ಪುಡಿಗಾಸಿನಲ್ಲಿ ಮಗಳಿಗೆ ಟ್ಯೂಷನ್ ಫೀಸು ಕಟ್ಟುವ ಅವ್ವನನ್ನು ನಾನು ಬಲ್ಲೆ. ಗಂಡಸರ ಟಿಕೆಟ್ಟು 2025ರ ಜನವರಿಯಲ್ಲಿ ಶೇಕಡಾ 15 ಏರಿತು. ಇನ್ನು ಇವರು ನಗರದಲ್ಲಿ ತೆರಿಗೆಯನ್ನೇ ಕಟ್ಟುವುದಿಲ್ಲ ಅನ್ನುವುದೊಂದು ಪೊಳ್ಳು. ಕೊಂಡ ಚಪ್ಪಲಿ, ಬಿಸ್ಕತ್ತು, ಸೋಪಿನಲ್ಲಿ ಜಿಎಸ್‌ಟಿ ಇಲ್ಲವೇ? 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ ಮಂಡಕ್ಕಿಗೂ ಶೇಕಡಾ 5 ಹಾಕಿದರು. ಮಂಡಕ್ಕಿಗೆ! ದಾವಣಗೆರೆಯಲ್ಲಿ ಬಡವನ ಸಂಜೆಯ ಊಟಕ್ಕೆ!

ಹಾಗಾದರೆ ದುಡಿಮೆಯ ಮೇಲೆ ತೆರಿಗೆಯೇ ಬೇಡವಾ ಅಂತ ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ನಗರಕ್ಕೆ ದುಡ್ಡು ಬೇಕು, ನಾನು ಒಪ್ಪುತ್ತೇನೆ. ಕೂಲಿಗೆ ಕಾಯುತ್ತಾ ನಿಲ್ಲುವ ಹೆಂಗಸರಿಗೆ ಒಂದು ಪಾಯಿಖಾನೆ ಕಟ್ಟಬೇಕಾದರೂ ದುಡ್ಡು ಬೇಕು. ಆದರೆ ದುಡಿಮೆಯ ಮೇಲಿನ ತೆರಿಗೆ ಈಗಾಗಲೇ ಇದೆಯಲ್ಲ, ಅದರ ಕಡೆ ಯಾಕೆ ಯಾರೂ ನೋಡುವುದಿಲ್ಲ? ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿ ಈ ತೆರಿಗೆಯನ್ನು ರಾಜ್ಯಕ್ಕಾಗಿಯೂ ಹಾಕಬಹುದು, ಪುರಸಭೆ, ಸ್ಥಳೀಯ ಸಂಸ್ಥೆಗಳಿಗಾಗಿಯೂ ಹಾಕಬಹುದು ಅನ್ನುತ್ತದೆ. ಕರ್ನಾಟಕದಲ್ಲಿ 1976ರ ಕಾಯಿದೆಯಿಂದ ಅದು ರಾಜ್ಯದ ಬೊಕ್ಕಸಕ್ಕೆ. 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಇಲ್ಲ. ಅದು ಸರಿಯಾದದ್ದೇ. 25,000 ಮುಟ್ಟಿದವನಿಗೆ ತಿಂಗಳಿಗೆ 200, ಮತ್ತು 2025ರ ತಿದ್ದುಪಡಿಯ ಮೇಲೆ ಫೆಬ್ರವರಿಗೆ 300. ವರ್ಷಕ್ಕೆ 2,500.

ಆಮೇಲೆ? ಆಮೇಲೆ ಏನೂ ಇಲ್ಲ. ತಿಂಗಳಿಗೆ 25,000 ತರುವ ಗುಮಾಸ್ತನಿಗೂ 2,500, ತಿಂಗಳಿಗೆ 25 ಲಕ್ಷ ಎಣಿಸುವವನಿಗೂ 2,500. ಗುಮಾಸ್ತ ನೂರು ರೂಪಾಯಿಗೆ 83 ಪೈಸೆ ಕೊಟ್ಟರೆ ಲಕ್ಷಾಧೀಶ ಒಂದು ಪೈಸೆಯನ್ನೂ ಪೂರ್ತಿ ಕೊಡುವುದಿಲ್ಲ. ಯಾಕೆಂದರೆ ಸಂವಿಧಾನದಲ್ಲೇ ಮಿತಿ ಹಾಕಿದ್ದಾರೆ. ಮೊದಲು ವರ್ಷಕ್ಕೆ 250 ಇತ್ತು, 1988ರ ಅರವತ್ತನೇ ತಿದ್ದುಪಡಿಯಲ್ಲಿ 2,500 ಆಯಿತು, ಅಲ್ಲಿಂದ ಕದಲಿಲ್ಲ. ಬೆಣ್ಣೆದೋಸೆಯ ರೇಟು ಅಷ್ಟರಲ್ಲಿ ಎಷ್ಟು ಸಲ ಏರಿತು ಅಂತ ನೀವೇ ನೆನಪು ಮಾಡಿಕೊಳ್ಳಿ. ಈ ಮಿತಿ ತೆಗೆಯಿರಿ ಅಂತ ಯಾವ ಪಕ್ಷದವನು ಹರಿಹರದಲ್ಲೋ ದಾವಣಗೆರೆಯಲ್ಲೋ ಮೈಕು ಹಿಡಿದಿದ್ದಾನೆ? ಹೆಚ್ಚು ಗಳಿಸುವವನು ಹೆಚ್ಚು ಕೊಡಲಿ. ಬೆಲೆ ಏರಲಿ ಅಂತ ಖಾಲಿ ಸೈಟಿಗೆ ಬೇಲಿ ಹಾಕಿ ಕಾಯುವವನನ್ನೂ ಹಿಡಿಯಿರಿ. ಬುತ್ತಿಗಂಟಿನವಳನ್ನು ಬಿಡಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಸುಖವಿತ್ತು. ಆದರೆ ಇನ್ನೊಂದು ಬಸ್ಸಿದೆ. ಅದು ಎಂಟೂವರೆಗೆ ದಾವಣಗೆರೆಯಿಂದ ಹಳ್ಳಿಗೆ ಹೊರಡುತ್ತದೆ. ಅದರಲ್ಲಿ ಮಾಸ್ತರರು, ಪಿಡಿಒಗಳು, ನರ್ಸಮ್ಮಂದಿರು, ಬ್ಯಾಂಕಿನವರು. ನಾನೂ ಅದರಲ್ಲೇ ಕೂರುತ್ತೇನೆ. ಸಂಬಳ ಹಳ್ಳಿಯ ಮಕ್ಕಳ ಹೆಸರಲ್ಲಿ, ಖರ್ಚು ದಾವಣಗೆರೆಯಲ್ಲಿ. ಹಳ್ಳಿಯ ರಸ್ತೆ ತುಳಿಯುತ್ತೇವೆ, ಹಳ್ಳಿಯ ನೀರು ಕುಡಿಯುತ್ತೇವೆ, ಸಂಜೆ ವಾಪಸ್. ಗೆಳೆಯನ ತರ್ಕ ನಿಜವಾದರೆ ಮೊದಲು ತೆರಿಗೆ ಕೇಳಬೇಕಾದ್ದು ದಾವಣಗೆರೆ ಪಾಲಿಕೆಯಲ್ಲ, ಹಳ್ಳಿಯ ಪಂಚಾಯ್ತಿ. ಕೇಳಬೇಕಾದ್ದು ನಮ್ಮನ್ನ! ಇದನ್ನು ಅಂದಾಗ ಚಹಾದಂಗಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೂತವರಲ್ಲಿ ಮೂವರು ಮಾಸ್ತರರಿದ್ದರು.

ಇದು ಹಗಲುಗನಸೇನಲ್ಲ. ಪಕ್ಕದ ಕೇರಳದಲ್ಲಿ ವೃತ್ತಿ ತೆರಿಗೆಯನ್ನು ಪಂಚಾಯ್ತಿ, ನಗರಸಭೆಗಳೇ ವಸೂಲಿ ಮಾಡಿಕೊಳ್ಳುತ್ತವೆ. ತಮಿಳುನಾಡಿನಲ್ಲೂ ಸ್ಥಳೀಯ ಸಂಸ್ಥೆಗಳಿಗೇ. ಅಲ್ಲಿ ಪಂಚಾಯ್ತಿ ಶಾಲೆಯ ಮಾಸ್ತರ ಯಾವ ಪಟ್ಟಣದಲ್ಲಿ ಮಲಗಿದರೂ ತೆರಿಗೆ ಆ ಪಂಚಾಯ್ತಿಗೆ. ನಮ್ಮದು ಮಾತ್ರ ಬೆಂಗಳೂರಿಗೆ ಹೋಗಿ, ಅಲ್ಲಿಂದ ಅನುದಾನ ಅನ್ನುವ ಹೆಸರು ಹೊತ್ತು, ಶಾಸಕರ ಫೋಟೋ ಅಂಟಿಸಿಕೊಂಡು ತಿರುಗಿ ಬರಬೇಕು. ಬಂದರೆ. ಯಾರು ವಸೂಲಿ ಮಾಡಬೇಕು, ಯಾರು ಖರ್ಚು ಮಾಡಬೇಕು, ಈ ಪ್ರಶ್ನೆ ಸಣ್ಣದಲ್ಲ. ಕೇಂದ್ರಕ್ಕೂ ಪ್ರಾಂತ್ಯಗಳಿಗೂ ನಡುವಿನ ಹಣಕಾಸಿನ ಮೇಲೆ ಬಾಬಾಸಾಹೇಬರು ಇಡೀ ಒಂದು ಪುಸ್ತಕ ಬರೆದರು, 1925ರಲ್ಲಿ ಅಚ್ಚಾಯಿತು. ಅವರ ಫೋಟೋಕ್ಕೆ ಏಪ್ರಿಲ್ 14ಕ್ಕೆ ಹಾರ ಹಾಕುವ ನಾವು ಅವರ ಲೆಕ್ಕದ ಪುಸ್ತಕ ತೆರೆದೇ ಇಲ್ಲ.

ನಮ್ಮ ಶಾಲೆಯಲ್ಲಿ ಐದು ಜನ ಮಾಸ್ತರರು. ವರ್ಷಕ್ಕೆ ನಮ್ಮೆಲ್ಲರ ವೃತ್ತಿ ತೆರಿಗೆ 12,500 ರೂಪಾಯಿ. ಶಾಲೆಯ ಬೋರಿನ ಮೋಟರು ಸುಟ್ಟು ನಾಲ್ಕು ತಿಂಗಳಾಯಿತು. ಹೆಣ್ಣುಮಕ್ಕಳು ಮಧ್ಯಾಹ್ನದ ಮೇಲೆ ಮನೆಗೆ ಹೋಗಿಬಿಡುತ್ತಾರೆ, ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಪಂಚಾಯ್ತಿಯಲ್ಲಿ ಕೇಳಿದರೆ ದುಡ್ಡಿಲ್ಲ ಅಂತಾರೆ. ಬರುವ ಗ್ರಾಮಸಭೆಗೆ ನಾವು ಐವರೂ ಸಂಬಳದ ಚೀಟಿ ತೆಗೆದುಕೊಂಡು ಹೋಗುತ್ತಿದ್ದೇವೆ. ಈ ಹಣ ಈ ಊರಿಗೆ ಬರಲಿ ಅಂತ ಒಂದು ಠರಾವು ಬರೆಸುವುದಕ್ಕೆ. ಎಂಟೂವರೆಯ ಬಸ್ಸಿನ ಉಳಿದ ಮಾಸ್ತರರು ತಂತಮ್ಮ ಊರಿನ ಗ್ರಾಮಸಭೆಯ ತಾರೀಖು ಯಾವತ್ತು ಅಂತ ವಿಚಾರಿಸಿಕೊಳ್ಳಲಿ.